ಆಮೇಲಣ್ಣ ಬರೆಯಲು ಕಲಿತದ್ದು

ನನ್ನ ತಲೆಗೂದಲು ಕತ್ತರಿಸುವವನು ನನಗಿಂತ ಒಳ್ಳೆಯ ಕತೆಗಾರ ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಕೇಳಿದವರು ಅದನ್ನು ವಿನಯವೆಂದುಕೊಂಡು ನಗುತ್ತಾರೆ. ವಿನಯ ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದೇನೆ ಅಷ್ಟೆ. ನಾಲ್ಕು ಪುಸ್ತಕ ಬರೆದಿದ್ದೇನೆಂಬ ಕಾರಣಕ್ಕೆ, ಹೊಸದಾಗಿ ಬರೆಯಲು ಹೊರಟವರು ಆಗಾಗ ನನ್ನ ಮನೆಯ ಬಾಗಿಲು ತಟ್ಟುತ್ತಾರೆ. ಹೇಗೆ ಶುರುಮಾಡಬೇಕು, ಯಾವುದನ್ನು ಬರೆಯಬೇಕು, ಯಾರಿಗೆ ತೋರಿಸಬೇಕು ಎಂದೆಲ್ಲ ಕೇಳುತ್ತಾರೆ. ನನ್ನಲ್ಲಿ ಉಪದೇಶದ ಗಂಟೇನೂ ಇಲ್ಲ. ಕೂರಿಸಿ ಆಮೇಲಣ್ಣನ ಕತೆ ಹೇಳುತ್ತೇನೆ.

ಆಮೇಲಣ್ಣ ಎನ್ನುವುದು ಅವನ ತಾಯಿ ತಂದೆ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿಯವನಿಗೂ ಕನ್ನಡಕದ ಅಂಗಡಿಗೂ ನಡುವೆ ಅವನ ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಹಿಂದೆ ಕಾಯುವವರಿಗೊಂದು ಬೆಂಚು. ಕನ್ನಡಿಯ ಒಂದು ಮೂಲೆಯಲ್ಲಿ ಪಾದರಸ ಎದ್ದುಹೋಗಿ, ಎರಡನೇ ಕುರ್ಚಿಯಲ್ಲಿ ಕೂತವನಿಗೆ ಎಡಗಿವಿಯೇ ಇಲ್ಲದಂತೆ ಕಾಣುತ್ತದೆ. ಹೊಸಬರು ಗಾಬರಿಯಿಂದ ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ, ಬೆಂಚಿನವರು ನಗುತ್ತಾರೆ. ಆಮೇಲಣ್ಣ ಮಾತ್ರ ನಗದೆ, "ಇದೆ ಸಾರ್, ಇದೆ. ಹೋಗುವಾಗ ಎರಡೂ ಎಣಿಸಿ ಕೊಡ್ತೀನಿ" ಎನ್ನುತ್ತಾನೆ.

ಕುತ್ತಿಗೆಗೆ ಬಟ್ಟೆ ಕಟ್ಟುವಷ್ಟರಲ್ಲಿ ಕತೆ ಶುರು. ಬೀದಿಯಲ್ಲಿ ನಡೆದದ್ದು, ಎಲ್ಲೋ ಕೇಳಿದ್ದು, ಅರ್ಧ ನಿಜ, ಅರ್ಧ ಅವನೇ ಹೆಣೆದದ್ದು. ರಸವತ್ತಾದ ಘಟ್ಟ ಬಂದಾಗ ಕತ್ತರಿ ನಿಲ್ಲಿಸಿ ಬ್ಲೇಡು ಬದಲಾಯಿಸಲು ತಿರುಗುತ್ತಾನೆ. ಕೂತವನು ತಡೆಯಲಾರದೆ "ಆಮೇಲೆ?" ಎನ್ನಲೇಬೇಕು. ಕ್ಷೌರ ಬೇಡದವರೂ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಅವನ ಕತೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದದ್ದು ಮೀಸೆಯವನ ಕತೆ. ಒಬ್ಬ ದಪ್ಪ ಮೀಸೆಯ ಆಸಾಮಿ ಮೀಸೆ ತೆಗೆಸಲು ಬಂದನಂತೆ. ಒಂದು ಪಕ್ಕ ಬೋಳಿಸಿದ್ದಾಗಿದೆ, ಫೋನು ಬಂತು. ಎದ್ದವನೇ ಕುತ್ತಿಗೆಯ ಬಟ್ಟೆ ಸಮೇತ ಓಡಿದ. ಎಲ್ಲಿಗೆ ಓಡಿದ, ಅರ್ಧ ಮೀಸೆ ಹೊತ್ತು ಆ ದಿನ ಯಾರೆದುರಿಗೆಲ್ಲ ನಿಲ್ಲಬೇಕಾಯಿತು ಎನ್ನುವುದನ್ನು ಆಮೇಲಣ್ಣ ಹೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಕೊನೆಗೆ ಆಸ್ಪತ್ರೆಯಿಂದ ಆ ಫೋನು ಯಾಕೆ ಬಂದಿತ್ತು ಎಂದು ತಿಳಿದಾಗ ಅದೇ ಬೆಂಚು ಗಪ್‌ಚಿಪ್.

"ಇದನ್ನೆಲ್ಲ ಬರೀರಿ" ಎಂದು ಎಲ್ಲರೂ ಅವನಿಗೆ ಗಂಟುಬಿದ್ದರು. ನಾನೂ ಬಿದ್ದೆ. ನಲವತ್ತು ದಾಟಿದ್ದ ಅವನು ಮೊದಲೆಲ್ಲ ನಗುತ್ತ ತಳ್ಳಿಹಾಕುತ್ತಿದ್ದ. ಒಂದು ಬೆಳಿಗ್ಗೆ ನನ್ನ ಕುತ್ತಿಗೆಗೆ ಪೌಡರ್ ಹಚ್ಚಿ ಮುಗಿಸಿ, ಡ್ರಾಯರಿನಿಂದ ಮಡಿಸಿದ ಹಾಳೆಗಳನ್ನು ತೆಗೆದು ಕೈಗಿಟ್ಟ. "ಮೀಸೆ" ಎಂದು ಪಿಸುಗುಟ್ಟಿದ, ಯಾವುದೋ ಕಳ್ಳಮಾಲು ಕೊಟ್ಟವನ ಹಾಗೆ.

ಮನೆಗೆ ಬಂದು ಓದಿದೆ. "ಅದೊಂದು ಸುಂದರ ಮುಂಜಾನೆ. ದಿನಮಣಿಯು ತನ್ನ ಹೊಂಗಿರಣಗಳನ್ನು ಧರೆಯ ಮೇಲೆ ಚೆಲ್ಲುತ್ತಿದ್ದನು. ವಿಹಗ ಸಂಕುಲವು..." ಮೂರು ಪುಟ ಮಗುಚಿದರೂ ದಿನಮಣಿ ಚೆಲ್ಲುತ್ತಲೇ ಇದ್ದ. ಮೀಸೆಯವನ ಸುಳಿವಿಲ್ಲ.

ಮರುದಿನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಹೋದೆ. ಅವನು ಕೈಯಲ್ಲಿದ್ದ ಪೊರಕೆಯನ್ನೂ ಇಡದೆ ನನ್ನ ಮುಖ ನೋಡಿದ.

"ಮೀಸೆ ಎಲ್ಲಿ?" ಎಂದೆ.

"ಬರುತ್ತೆ ಸಾರ್, ನಾಲ್ಕನೇ ಪುಟದಲ್ಲಿ."

"ಇಲ್ಲಿ ಹೇಳುವಾಗ ಎಷ್ಟು ಹೊತ್ತಿಗೆ ಬರುತ್ತೆ?"

"ಇಲ್ಲಿ ಮೊದಲನೇ ಮಾತೇ ಅದು. ಕೂತವರಿಗೆ ಪುರುಸೊತ್ತೆಲ್ಲಿ ಸಾರ್, ಒಂದು ಕಟಿಂಗ್ ಮುಗಿಯೋದರೊಳಗೆ ಕತೆ ಮುಗೀಬೇಕಲ್ಲ."

"ಓದೋರಿಗೆ ಮಾತ್ರ ಪುರುಸೊತ್ತು ಇರುತ್ತಾ?"

ಅವನು ತಲೆ ಕೆರೆದುಕೊಂಡ. "ಹಾಗಲ್ಲ... ಇದು ಅಚ್ಚಾಗೋದಲ್ವಾ. ಸ್ವಲ್ಪ ಮರ್ಯಾದೆಯಾಗಿ ಇರ್ಲಿ ಅಂತ."

ಅವನ ಹೆಂಡತಿ ಹೆರಿಗೆ ವಾರ್ಡಿನಲ್ಲಿ ನರ್ಸು. ಮಾತಿನಲ್ಲಿ ಬೆಣ್ಣೆ ಸವರುವ ಅಭ್ಯಾಸ ಆಕೆಗಿಲ್ಲ. ಡ್ಯೂಟಿಗೆ ಹೋಗುವ ದಾರಿಯಲ್ಲಿ ಅವನ ಊಟದ ಡಬ್ಬಿ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ನಾನೂ ಅದನ್ನೇ ಹೇಳ್ದೆ ಸಾರ್. ಪೆನ್ನು ಹಿಡಿದ ಕೂಡಲೇ ಇವರು ಯಾರದೋ ಕೋಟು ತೊಟ್ಟು ಫೋಟೋಗೆ ನಿಂತ ಹಾಗಾಗ್ತಾರೆ. ಉಸಿರೇ ಬಿಡಲ್ಲ" ಎಂದಳು.

ಅವನಿಗೆ ಸಿಟ್ಟು ಬರಲಿಲ್ಲ. ನಾನು ಅವನನ್ನು ಮೆಚ್ಚುವುದಕ್ಕೆ ಇದೇ ಮೊದಲ ಕಾರಣ. ತಪ್ಪು ತೋರಿಸಿದಾಗ ಹರಳೆಣ್ಣೆ ಕುಡಿದಂತೆ ಮುಖ ಮಾಡುವ ಬರಹಗಾರರನ್ನು ಬೇಕಾದಷ್ಟು ಕಂಡಿದ್ದೇನೆ, ನಾನೂ ಒಬ್ಬ. ಇವನು ಹಾಳೆಗಳನ್ನು ವಾಪಸು ತೆಗೆದುಕೊಂಡು, ಎಲ್ಲಿ ಕೆಟ್ಟಿತು ಎಂದು ಹುಡುಕತೊಡಗಿದ. ವಾರ ಕಳೆದು ನಾನು ಹೋದಾಗ ಅವನಿಗೆ ಕಾರಣ ಸಿಕ್ಕಿತ್ತು.

"ಸಾರ್, ಹೇಳುವಾಗ ನನಗೆ ಕನ್ನಡೀಲಿ ಮುಖ ಕಾಣುತ್ತೆ. ಕಣ್ಣು ಆ ಕಡೆ ಈ ಕಡೆ ಹೋಯ್ತು ಅಂದ್ರೆ ಬೇಗ ಮುಂದಕ್ಕೆ ಹೋಗ್ತೀನಿ. ಅರಳಿದ್ರೆ ಅಲ್ಲೇ ಸ್ವಲ್ಪ ಎಳೀತೀನಿ. ಕಾಗದಕ್ಕೆ ಮುಖಾನೇ ಇಲ್ಲ."

"ಹಾಗಿದ್ರೆ ಯಾರದಾದ್ರೂ ಒಂದು ಮುಖ ಇಟ್ಕೊಂಡು ಬರೀರಿ" ಎಂದೆ. ಇದು ನಾನು ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದ ಒಂದು.

ಅವನು ಆರಿಸಿಕೊಂಡದ್ದು ವಿದ್ಯುತ್ ಕಂಪನಿಯ ಲೈನ್‌ಮನ್ ಒಬ್ಬನನ್ನು. ಆ ಲೈನ್‌ಮನ್ ಕಂಬ ಹತ್ತಿ ಇಳಿದು ದಣಿದು ಬರುವ ಮನುಷ್ಯ. ಕತೆ ಚೂರು ಎಳೆದಾಡಿದರೆ "ಸಾಕು ಬಿಡಪ್ಪ, ಕೂದಲು ಕತ್ತರಿಸು" ಎಂದುಬಿಡುವವನು. ಹಿಡಿಸಿದರೆ ಮಾತ್ರ ತೊಡೆ ತಟ್ಟಿ ನಗುತ್ತಿದ್ದ. ಹೊಗಳುವ ಗಿರಾಕಿಗಳು ಅಷ್ಟೊಂದು ಇರುವಾಗ ಈ ಸಿಡುಕನನ್ನೇ ಎದುರಿಗೆ ಕೂರಿಸಿಕೊಂಡದ್ದು ಅವನ ಜಾಣತನ. ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ಬೆಂಚಿನ ಮೇಲೆ ಹಲಗೆಯಿಟ್ಟುಕೊಂಡು ಬರೆಯುತ್ತಿದ್ದ. ಒಂದು ವಾಕ್ಯ ಬರೆಯುವುದು, ಲೈನ್‌ಮನ್ ಇದಕ್ಕೆ ಏನೆನ್ನುತ್ತಾನೆ ಎಂದು ಯೋಚಿಸುವುದು. ದಿನಮಣಿಯನ್ನು ಕಂಡರೆ ಅವನು ಏನೆನ್ನುತ್ತಿದ್ದ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಆದರೂ ಕತೆ ಮುಗಿಯಲಿಲ್ಲ. ಮುಕ್ಕಾಲು ಆಗುವಷ್ಟರಲ್ಲಿ ಬೇರೊಂದು ಹೊಳೆಯುತ್ತಿತ್ತು, ಹಿಡಿದದ್ದಕ್ಕಿಂತ ಚೆಂದವಾಗಿ ಕಾಣುತ್ತಿತ್ತು, ಅದರ ಹಿಂದೆ ಓಡುತ್ತಿದ್ದ. ಡ್ರಾಯರಿನಲ್ಲಿ ಬಾಚಣಿಗೆಗಳಿಗಿಂತ ಅರ್ಧಂಬರ್ಧ ಕತೆಗಳು ಹೆಚ್ಚಾದವು. ಎಲ್ಲ ಕತೆಯೂ ನಡುವಿನಲ್ಲಿ ಸಪ್ಪೆ ಎನಿಸುತ್ತದೆ, ಅದು ದಾಟಬೇಕಾದ ಜಾಗ ಎಂದು ನಾನು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಕಡೆಗೆ ಅವನ ಹೆಂಡತಿಯೇ ಕೇಳಿದಳು: "ಒಬ್ಬರ ತಲೆ ಅರ್ಧ ಕತ್ತರಿಸಿ, ಇನ್ನೊಬ್ಬರು ಚೆನ್ನಾಗಿದ್ದಾರೆ ಅಂತ ಅವರನ್ನ ಕೂರಿಸ್ತೀರೇನ್ರೀ?"

ಆ ಮಾತು ನಾಟಿತು. ಚೆನ್ನಾಗಿರಲಿ, ಕೆಟ್ಟಿರಲಿ, ಕುರ್ಚಿಯಿಂದ ಇಳಿಸುವವರೆಗೆ ಬಿಡುವುದಿಲ್ಲ ಎಂದು ಕೂತು ಮೀಸೆಯ ಕತೆ ಮುಗಿಸಿದ. ಒಂದು ವಾರಪತ್ರಿಕೆಗೆ ಕಳಿಸಿದ. ಹೋದಷ್ಟೇ ಬೇಗ ಮರಳಿ ಬಂತು. ಒಂದೆರಡು ದಿನ ಮುಖ ಚಿಕ್ಕದು ಮಾಡಿಕೊಂಡಿದ್ದು, ಆಮೇಲೆ ಲಕೋಟೆ ಬದಲಿಸಿ ಇನ್ನೊಂದಕ್ಕೆ ಕಳಿಸಿದ. ಅವರು ಅರ್ಧದಷ್ಟು ಕತ್ತರಿಸಿ, ಒಂದು ಮೂಲೆಯಲ್ಲಿ, ನೋವಿನ ಮುಲಾಮಿನ ಜಾಹೀರಾತಿನ ಪಕ್ಕ ಹಾಕಿದರು. ಬೀದಿಗೆ ಬೀದಿಯೇ ಅವನಿಗೆ ಕೈ ಕುಲುಕಿತು. ಸೈಕಲ್ ರಿಪೇರಿಯವನು ಆ ಪುಟವನ್ನು ಕತ್ತರಿಸಿ ತನ್ನ ಅಂಗಡಿಯ ಗೋಡೆಗೆ ಅಂಟಿಸಿದ, ಜಾಹೀರಾತೂ ಸೇರಿದಂತೆ.

ಹೊಗಳಿಕೆ ಅವನಿಗೆ ಹೆಚ್ಚು ದಿನ ರುಚಿಸಲಿಲ್ಲ. "ಹೇಗಿದೆ ಅಂದ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ ಸಾರ್. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನನ್ನ ಕೈಯಲ್ಲಿ ಕತ್ತಿ ಇದೆ ನೋಡಿ, ಇನ್ನೇನು ಹೇಳ್ತಾರೆ?" ಅವನು ಪ್ರಶ್ನೆಯನ್ನೇ ಬದಲಾಯಿಸಿದ. ಹೇಗಿದೆ ಎಂದು ಕೇಳುವುದನ್ನು ಬಿಟ್ಟು, ಎಲ್ಲಿ ಬೇಜಾರಾಯಿತು ಎಂದು ಕೇಳತೊಡಗಿದ. ಅದನ್ನು ಕೇಳಿದ ಕೂಡಲೇ ಎಲ್ಲರಿಗೂ ಬಾಯಿ ಬಂತು. ನಡುವೆ ಬಂದ ಆಸ್ಪತ್ರೆಯ ವರ್ಣನೆ ಉದ್ದವಾಯಿತು ಎಂದು ಒಬ್ಬ. ಇಬ್ಬರು ಮಾತಾಡುವ ಕಡೆ ಯಾರ ಮಾತು ಯಾವುದು ಗೊತ್ತಾಗಲಿಲ್ಲ ಎಂದು ಇನ್ನೊಬ್ಬ. ಮೂವರು ಒಂದೇ ಜಾಗ ತೋರಿಸಿದರೆ ಅಲ್ಲಿ ರೋಗವಿದೆ ಎಂದು ಲೆಕ್ಕ. ಮೂವರು ಕೊಡುವ ಔಷಧ ಮಾತ್ರ ಅವನು ತೆಗೆದುಕೊಳ್ಳುತ್ತಿರಲಿಲ್ಲ, ಔಷಧ ತನ್ನದೇ.

ಹೀಗೆ ಒಂದೆರಡು ವರ್ಷ ಅಂಗಡಿಯಲ್ಲಿ ಹೇಳುತ್ತಿದ್ದ ಕತೆಗಳನ್ನೇ ಒಂದೊಂದಾಗಿ ಬರೆದ. ಕೈ ಪಳಗಿತು. ಆಗ ಅವನಿಗೆ ಅಂಗಡಿಯಲ್ಲಿ ಎಂದೂ ಹೇಳದ ಕತೆಯೊಂದನ್ನು ಬರೆಯಬೇಕು ಅನ್ನಿಸಿತು. ಅದು ಅವನ ಅಪ್ಪನದು.

ಅಪ್ಪನೂ ಅದೇ ಅಂಗಡಿಯಲ್ಲಿ ಕ್ಷೌರ ಮಾಡುತ್ತಿದ್ದವರು. ಮೊದಲನೇ ಕುರ್ಚಿ ಅವರದು, ಕಿವಿ ಕಾಣದ ಎರಡನೆಯದು ಮಗನದು. ಮಗನಿಗೆ ಇಪ್ಪತ್ತೆರಡೋ ಮೂರೋ ಇದ್ದಾಗ ಅಪ್ಪನ ಬಲಗೈ ನಡುಗತೊಡಗಿತು. ಕತ್ತರಿಯಲ್ಲಾದರೆ ಹೇಗೋ ನಿಭಾಯಿಸಬಹುದು, ಗಂಟಲ ಬಳಿ ಕತ್ತಿ ಹಿಡಿಯುವುದು ಹೇಗೆ? ಗಿರಾಕಿಗಳು ಒಬ್ಬೊಬ್ಬರಾಗಿ, ಏನೂ ಹೇಳದೆ, ಮಗನ ಕುರ್ಚಿಗೆ ಬಂದು ಕೂರತೊಡಗಿದರು. ಅಪ್ಪ ಟವಲು ಹಿಡಿದು ಖಾಲಿ ಕುರ್ಚಿಯ ಹಿಂದೆ ನಿಂತಿರುತ್ತಿದ್ದರು. ಮಗ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ಅತ್ತ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಒಂದು ದಿನ ಅಪ್ಪ ಕತ್ತರಿಗಳನ್ನು ಒರೆಸಿ, ಮಗನ ಕಡೆ ಸರಿಸಿ, ನಾಳೆಯಿಂದ ಬರೋದಿಲ್ಲ ಎಂದರು. ಆ ವಿಷಯವನ್ನು ಇಬ್ಬರೂ ಮತ್ತೆಂದೂ ಎತ್ತಿರಲಿಲ್ಲ.

ಈ ಕತೆಯನ್ನು ನಾನು ಅಂಗಡಿಯ ಬೆಂಚಿನಲ್ಲೇ ಕೂತು ಓದಿದೆ. ಖಾಲಿ ಕುರ್ಚಿಯ ಹಿಂದೆ ನಿಂತು ಕಣ್ಣೊರೆಸಿಕೊಳ್ಳುವ ಆ ಮುದುಕ ಬಂದ ಪುಟವನ್ನು ಎರಡು ಸಲ ಓದಿದೆ. ಕೊನೆಯಲ್ಲಿ ಮಾತ್ರ "ಹೀಗೆ ಕಾಲವೆಂಬುದು ಯಾರನ್ನೂ ಬಿಡುವುದಿಲ್ಲ" ಎಂದು ಶುರುವಾಗಿ ನೀತಿ ಹೇಳುವ ಒಂದು ಪ್ಯಾರಾ ಇತ್ತು. ಅದನ್ನು ಹೊಡೆದುಹಾಕಿ ಎಂದೆ. ಹೆಂಡತಿಯೂ ಅದೇ ಹೇಳಿದ್ದಳಂತೆ. ಅವನು ಒಂದೇ ಗೀಟಿನಲ್ಲಿ ಅಳಿಸಿದ. "ಕತ್ತರಿಸೋದು ನಿಮಗೆ ಸುಲಭ" ಎಂದು ನಾನು ತಮಾಷೆ ಮಾಡಿದರೆ, "ಎಲ್ಲಿ ಸಾರ್, ಕೂದಲಾದ್ರೆ ಮತ್ತೆ ಬೆಳೆಯುತ್ತೆ" ಎಂದು ನಿಟ್ಟುಸಿರುಬಿಟ್ಟ.

ಕಳಿಸಬಹುದು ಎಂದು ನನಗನ್ನಿಸಿತ್ತು. ಹೆಂಡತಿ ಅಡ್ಡಬಂದಳು.

"ಮಾವನಿಗೆ ಓದಿ ಹೇಳಿದ್ರಾ?"

ಅವನು ಹಾಳೆಗಳನ್ನು ಡ್ರಾಯರಿಗೆ ಹಾಕಿದ.

"ಅವರು ನಮ್ಮನೇಲೇ, ಒಳಗಿನ ಕೋಣೇಲಿ ಕೂತಿದ್ದಾರೆ. ಕೈ ಅವರದ್ದು, ಕುರ್ಚಿ ಅವರದ್ದು. ಊರೆಲ್ಲ ಓದಿ ಆಡ್ಕೊಂಡ ಮೇಲೆ ಅವರ ಕಿವಿಗೆ ಬೀಳೋದು ಬೇಡ."

ಇವತ್ತು, ನಾಳೆ ಎಂದು ಅವನು ಬಹಳ ದಿನ ತಳ್ಳಿದ. ಕೊನೆಗೆ ಒಂದು ರಜೆಯ ಬೆಳಿಗ್ಗೆ, "ನೀವೂ ಬನ್ನಿ ಸಾರ್, ನನ್ನೊಬ್ಬನಿಗೆ ಧೈರ್ಯ ಸಾಲ್ತಿಲ್ಲ" ಎಂದು ನನ್ನನ್ನು ಮನೆಗೆ ಕರೆದುಕೊಂಡು ಹೋದ.

ಅಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದರು. ಸಣ್ಣ ದೇಹ, ನೀಟಾಗಿ ಬಾಚಿದ ಬಿಳಿ ಕೂದಲು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. ಸೊಸೆ ಚಹಾವನ್ನು ಅರ್ಧ ಲೋಟ ಮಾತ್ರ ತುಂಬಿ ಅವರ ಎಡಗೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮಗ ಓದಿದ. ಬೀದಿಯನ್ನೇ ನಗಿಸುವ ಆ ಗಂಟಲು ಅಂದು ಶಾಲೆಯ ಹುಡುಗನ ಹಾಗೆ ತಡವರಿಸಿತು. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಯಾರೋ ಇವನು, ಈ ಮುದುಕ?" ಎಂದರು.

"ನೀನೇ ಅಪ್ಪ."

"ನಾನಾ? ಇವನ್ಯಾರೋ ಪಾಪದ ಪ್ರಾಣಿ. ಖಾಲಿ ಕುರ್ಚಿ ಹಿಂದೆ ನಿಂತು ಕಣ್ಣು ಒರೆಸ್ಕೋತಾನೆ. ನಾನು ಯಾವಾಗ ಅತ್ತೆ?"

"ಗಿರಾಕಿಗಳೆಲ್ಲ ನಿನ್ನ ಬಿಟ್ಟು ನನ್ನ ಕಡೆ ಬಂದ್ರಲ್ಲ..."

"ಬಂದ್ರಾ? ಕಳಿಸಿದ್ದು ಯಾರು?"

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

ಅಪ್ಪ ಕಣ್ಣು ತೆರೆದು ಮಗನನ್ನು ನೋಡಿದರು. "ನನ್ನ ಕೈ ನಡುಗಿದ್ರೂ ಅವರು ಬಿಡ್ತಿರಲಿಲ್ಲ ಕಣೋ. ಪರವಾಗಿಲ್ಲ, ನೀವೇ ಮಾಡಿ ಅಂತಿದ್ರು. ಇಪ್ಪತ್ತು ವರ್ಷದ ರೂಢಿ. ನಿನ್ನ ಕುರ್ಚೀಲಿ ನೊಣ ಕೂತಿರ್ತಿತ್ತು. ನಾನೇ ಒಬ್ಬೊಬ್ಬರನ್ನ ದಾರೀಲಿ ನಿಲ್ಲಿಸಿ ಹೇಳ್ದೆ, ನನ್ನ ಹತ್ರ ಕೂತ್ರೆ ಕಿವಿ ಹೋಗುತ್ತೆ, ಹುಡುಗನ ಹತ್ರ ಕೂತ್ಕೊಳಿ, ಆದ್ರೆ ನಾನು ಹೇಳ್ದೆ ಅಂತ ಬಾಯಿ ಬಿಡಬೇಡಿ ಅಂತ. ನೀನು ಸಂಕೋಚದ ಮನುಷ್ಯ. ನಾನು ಕಳಿಸ್ದೆ ಅಂತ ಗೊತ್ತಾಗಿದ್ರೆ ಕೈ ನಡುಗೋದು ನಿನಗೂ ಶುರುವಾಗ್ತಿತ್ತು."

"ಮತ್ತೆ... ಟವಲ್ ಹಿಡ್ಕೊಂಡು ಅಲ್ಲಿ ನಿಂತಿರ್ತಿದ್ದೆಯಲ್ಲ?"

"ನಿನ್ನ ಕೈ ನೋಡೋಕೆ. ಕನ್ನಡೀಲಿ ಚೆನ್ನಾಗಿ ಕಾಣೋದು. ಎಷ್ಟು ಹಗುರವಾಗಿ ಓಡ್ತಿತ್ತು."

ಮಗ ಹಾಳೆಗಳನ್ನು ಮಡಿಸುತ್ತ, ಬಿಚ್ಚುತ್ತ ಕೂತ. ಅಪ್ಪ ಚಹಾ ಗುಟುಕರಿಸಿ, ಕಿಟಕಿಯ ಕಡೆ ತಿರುಗಿ ಮತ್ತೆ ಮಾತಾಡಿದರು.

"ಬೇಜಾರೇ ಆಗ್ಲಿಲ್ಲ ಅಂತಲ್ಲ. ಒಬ್ಬನಿಗೆ ಮಾತ್ರ ನಾನು ಹೇಳಿರಲಿಲ್ಲ. ಕನ್ನಡಕದ ಅಂಗಡಿ ಹಳೇ ಯಜಮಾನ. ನನ್ನ ಓರಗೆಯವನು. ಅವನೊಬ್ಬ ಇರ್ಲಿ ನನಗೆ ಅಂತ ಇಟ್ಕೊಂಡಿದ್ದೆ. ಒಂದು ದಿನ ಒಳಗೆ ಬಂದ, ನನ್ನ ಮುಖ ನೋಡ್ದ, ಸೀದಾ ಹೋಗಿ ನಿನ್ನ ಕುರ್ಚೀಲಿ ಕೂತ. ಅವತ್ತೇ ನಾನು ಕತ್ತರಿ ಒರೆಸಿ ಇಟ್ಟಿದ್ದು. ಅದನ್ನ ಬೇಕಾದ್ರೆ ಬರಿ. ಈ ಅಳೋ ಮುದುಕನ್ನ ಬಿಟ್ಟುಬಿಡು."

ಆಮೇಲಣ್ಣ ಬೀದಿಯ ಕೊನೆಯವರೆಗೆ ನನ್ನ ಜೊತೆ ನಡೆದು ಬಂದ. ನಾನು ಬೀಳ್ಕೊಳ್ಳುವಾಗ, "ಇಷ್ಟು ವರ್ಷ ಒಂದೇ ಮನೇಲಿ ಇದೀನಿ ಸಾರ್. ಅಯ್ಯೋ ಪಾಪ ಅಂದುಕೊಂಡೇ ಬಿಟ್ಟೆ. ಒಂದು ಸಲ ಕೇಳಲಿಲ್ಲ" ಎಂದ.

ಆ ಕತೆಯನ್ನು ಮತ್ತೆ ಬರೆಯುವುದು ಅವನಿಗೆ ಸುಲಭವಾಗಲಿಲ್ಲ. ಮೊದಲು ಅಪ್ಪನೇ "ನಾನು" ಎಂದು ಹೇಳುವಂತೆ ಬರೆದ. ಮಗ ಅಪ್ಪನ ಅಂಗಿ ತೊಟ್ಟು ಮಾತಾಡಿದಂತಿತ್ತು. ಅವನೇ ಅದನ್ನು ಹರಿದ. ಮಗನ ಕಣ್ಣಿಂದ ಬರೆದರೆ ಹಳೆಯ ಕನಿಕರವೇ ಹಿಂಬಾಗಿಲಿನಿಂದ ಒಳಗೆ ಬರುತ್ತಿತ್ತು. ಬಿಟ್ಟುಬಿಡುತ್ತಾನೇನೋ ಎಂದು ನನಗೆ ಅನುಮಾನವಿತ್ತು. ಅವನು ಬಿಡಲಿಲ್ಲ. ಮಧ್ಯಾಹ್ನದ ಬೆಂಚಿನಲ್ಲಿ ಹಲಗೆ, ಹಾಳೆ, ಪೆನ್ನು. ಕೆಲವು ದಿನ ಒಂದೇ ವಾಕ್ಯ, ಕೆಲವು ದಿನ ಅದೂ ಇಲ್ಲ. ಆದರೂ ಕೂರುವುದನ್ನು ತಪ್ಪಿಸಲಿಲ್ಲ. "ಗಿರಾಕಿ ಬರ್ಲಿ ಬಿಡ್ಲಿ, ಅಂಗಡಿ ಬಾಗಿಲು ತೆಗೀಬೇಕಲ್ಲ ಸಾರ್" ಎನ್ನುತ್ತಿದ್ದ. ಅದಕ್ಕಿಂತ ಒಳ್ಳೆಯ ಮಾತನ್ನು ಈ ಕಸುಬಿನ ಬಗ್ಗೆ ನಾನು ಕೇಳಿಲ್ಲ.

ಕೊನೆಗೆ ಅವನು ಹಿಡಿದದ್ದು ಕನ್ನಡಕದ ಯಜಮಾನನ ಕಣ್ಣನ್ನು. ಆ ಮನುಷ್ಯ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನು ಅಂದು ಯಾಕೆ ಕುರ್ಚಿ ಬದಲಾಯಿಸಿದ ಎಂದು ಕೇಳುವುದಕ್ಕೆ ಯಾರೂ ಉಳಿದಿರಲಿಲ್ಲ. ಕೇಳಿ ತಿಳಿಯುವುದು ಮುಗಿದಿತ್ತು, ಇನ್ನು ಕಟ್ಟಬೇಕಿತ್ತು. ಅವನು ಕಟ್ಟಿದ. ಯಜಮಾನ ಒಳಗೆ ಬರುತ್ತಾನೆ. ಗೆಳೆಯ ನಡುಗುವ ಕೈಯನ್ನು ಟವಲಿನಡಿ ಮುಚ್ಚಿಕೊಂಡು ನಗುವುದನ್ನು ನೋಡುತ್ತಾನೆ. ನಾನು ಇವನ ಕುರ್ಚಿಗೆ ಬರುತ್ತಿರುವವರೆಗೆ ಇವನು ಈ ಕತ್ತಿ ಕೆಳಗಿಡುವುದಿಲ್ಲ, ನನಗೋಸ್ಕರ ದಿನವೂ ಹೆದರುತ್ತ ನಿಂತಿರುತ್ತಾನೆ ಎಂದು ಅವನಿಗೆ ಹೊಳೆಯುತ್ತದೆ. ಮುಖ ತಿರುಗಿಸಿ ಹುಡುಗನ ಕುರ್ಚಿಗೆ ಹೋಗಿ ಕೂರುತ್ತಾನೆ. ಕನ್ನಡಿಯಲ್ಲಿ ಗೆಳೆಯನನ್ನು ನೋಡಲಾರದೆ, ಕನ್ನಡಕ ತೆಗೆದು ಜೇಬಿಗಿಡುತ್ತಾನೆ. ಕತೆ ಅಲ್ಲಿಗೆ ನಿಲ್ಲುತ್ತದೆ. ಕಾಲದ ಬಗ್ಗೆ ಒಂದಕ್ಷರವಿಲ್ಲ.

ಈ ಸಲ ಓದಲು ನನ್ನನ್ನು ಕರೆಯಲಿಲ್ಲ. ಆಮೇಲೆ ನನಗೆ ಹೇಳಿದ್ದು ಸೊಸೆ. ಮಾವ ಪೂರ್ತಿ ಕೇಳಿ, "ಅವನು ಹೀಗೆ ಅಂದುಕೊಂಡಿದ್ನಾ? ನಿನಗೆ ಹೇಳಿದ್ನಾ?" ಎಂದು ಕೇಳಿದರಂತೆ. "ಇಲ್ಲ ಅಪ್ಪ. ನಾನೇ ಕಟ್ಟಿದ್ದು" ಎಂದನಂತೆ ಮಗ. ಅದಕ್ಕೆ ಮಾವ, "ಹೀಗೇ ಇದ್ದಿರಬೇಕು. ಅವನು ಅಂಥವನೇ" ಎಂದರಂತೆ. ಅದಾದ ಮೇಲೆ ಮಾವ ಆ ಗೆಳೆಯನ ಹಳೆಯ ತಮಾಷೆಗಳನ್ನೆಲ್ಲ ಹೇಳತೊಡಗಿದರು. ಅಲ್ಲಿಯವರೆಗೆ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ ಎಂದಳು ಆಕೆ.

ಕತೆ ಒಂದು ಮಾಸಪತ್ರಿಕೆಯಲ್ಲಿ, ಈ ಸಲ ಏನೂ ಕತ್ತರಿಸದೆ, ಬಂತು. ಎರಡು ವರ್ಷದ ಮೇಲೆ ಹನ್ನೊಂದು ಕತೆಗಳ ಪುಸ್ತಕವಾಯಿತು. ಅದರಿಂದ ಅವನೇನೂ ದೊಡ್ಡ ಮನುಷ್ಯನಾಗಲಿಲ್ಲ. ಮೊದಲ ಪ್ರತಿಗಳು ಬಂದ ದಿನವೂ ಅಂಗಡಿ ತೆರೆದಿತ್ತು. ಲೈನ್‌ಮನ್ ಒಂದು ಪ್ರತಿ ಕೊಂಡು, ವಾರ ಬಿಟ್ಟು ಬಂದು, ನಾಲ್ಕನೇ ಕತೆ ಎಳೆದಿದ್ದೀಯ ಎಂದು ಬೈದು ಹೋದ; ಎರಡನೇ ಮುದ್ರಣದಲ್ಲಿ ಅದು ಚಿಕ್ಕದಾಯಿತು. ಅಪ್ಪ ಪುಸ್ತಕವನ್ನು ನೋಡಿದರು, ಎಡಗೈಯಲ್ಲಿ ಹಿಡಿದು ತೂಗಿದರು, ಅದಾದ ಮರುವರ್ಷ ತೀರಿಕೊಂಡರು.

ಈಗ ನನ್ನ ಮನೆಗೆ ಬರುವ ಹೊಸಬರಲ್ಲಿ ಕೆಲವರು ಅವನ ಬೆಂಚಿಗೂ ಹೋಗುತ್ತಾರೆ. ಅವನು ಯಾರ ಬರಹವನ್ನೂ ಕೆಟ್ಟದ್ದೆಂದು ಹೇಳಿದ್ದು ನಾನು ಕಂಡಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು, ತನ್ನ ಕತೆಯ ಅತ್ತೆ ಬರೀ ಕೆಟ್ಟವಳಾಗಿ ಬರುತ್ತಿದ್ದಾಳೆ, ಏನು ಮಾಡಲಿ ಎಂದು ಕೇಳಿದಾಗ ನಾನಲ್ಲಿದ್ದೆ. ಅವನು ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ, "ಆಕೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಾರೆ? ಗೊತ್ತಿದ್ದರೆ ಅದನ್ನ ಬರೀರಿ. ಗೊತ್ತಿಲ್ಲದಿದ್ರೆ ಹೋಗಿ ನೋಡ್ಕೊಂಡು ಬನ್ನಿ ತಾಯಿ, ಅಲ್ಲೀವರೆಗೆ ಬೈಬೇಡಿ" ಎಂದ.

ಸದ್ಯ ಅವನು ಎರಡನೇ ಪುಸ್ತಕಕ್ಕೆಂದು ಹೆರಿಗೆ ವಾರ್ಡಿನ ಬಗ್ಗೆ ಒಂದು ದೊಡ್ಡ ಕತೆ ಬರೆಯುತ್ತಿದ್ದಾನೆ. ವಿಷಯ ಕೊಟ್ಟವಳು ಹೆಂಡತಿ, ಆದರೆ ಅವನನ್ನು ವಾರ್ಡಿನೊಳಗೆ ಬಿಡುವಂತಿಲ್ಲ. ರಜೆಯ ದಿನ ಆಸ್ಪತ್ರೆಯ ಹೊರಗಿನ ಪಡಸಾಲೆಯಲ್ಲಿ, ಕಾಯುವ ಗಂಡಂದಿರ ನಡುವೆ ಹೋಗಿ ಕೂರುತ್ತಾನೆ. ಮೊದಲ ದಿನ ಅವನ ಪಕ್ಕದಲ್ಲಿದ್ದವನೊಬ್ಬ, "ನಿಮ್ಮದು ಎಷ್ಟನೇದು ಅಣ್ಣ?" ಎಂದು ಕೇಳಿದನಂತೆ. ಇವನು ಬರೆಯಲು ಬಂದಿದ್ದೇನೆ ಎನ್ನಲು ನಾಚಿ, "ಎರಡನೇದು" ಎಂದನಂತೆ. ಆತ ಸಮಾಧಾನ ಹೇಳಿದ: "ಎರಡನೇದಕ್ಕೆ ಅಷ್ಟು ಭಯ ಇರಲ್ಲ ಬಿಡಿ."

"ಆಮೇಲೆ ಆತ ತನ್ನ ಹೆಂಡತಿ ಬಗ್ಗೆ ಹೇಳೋಕೆ ಶುರುಮಾಡ್ದ ಸಾರ್" ಎಂದು ಆಮೇಲಣ್ಣ ನನಗೆ ಹೇಳಿದ. "ನಾನು ಬಾಯಿ ಮುಚ್ಕೊಂಡು ಕೇಳ್ತಾ ಕೂತೆ. ಮಧ್ಯಾಹ್ನ ಆಗಿದ್ದೇ ಗೊತ್ತಾಗಲಿಲ್ಲ."